ಒಂದು ಗಂಟು ಕೆಂಪು, ಎರಡು ಗಂಟು ಪಚ್ಚೆ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡ ಎಂದು ಅವರೇನೂ ಹೇಳಿರಲಿಲ್ಲ. ನಾನು ಬರೆಯುವವಳೆಂದು ಅವರಿಗೆ ಗೊತ್ತೂ ಇರಲಿಲ್ಲ. ಆದರೆ ಒಂದು ಮಾತನ್ನು ಯಾರ ಮುಂದೆಯೂ ಆಡುವುದಿಲ್ಲವೆಂದು ದೀಪದ ಎದುರು ಒಪ್ಪಿಕೊಂಡಿದ್ದೆ. ಅವರಿರುವ ತನಕ ಆಡಲಿಲ್ಲ. ಈಗ ಅವರಿಲ್ಲ. ಹೆಸರನ್ನು ಬಿಟ್ಟು ಬರೆದರೆ ಮಾತು ಮುರಿದ ಪಾಪ ಅರ್ಧಕ್ಕಾದರೂ ಇಳಿದೀತೆಂದು ನಂಬಿದ್ದೇನೆ.

ಹೋದ ಮಾರ್ಗಳಿ ತಿಂಗಳಲ್ಲಿ ಅವರ ಮಗಳು ಪಾಪಿರೆಡ್ಡಿಪಟ್ಟಿಯಿಂದ ಬಂದು ಸುದ್ದಿ ಹೇಳಿದಳು. ಬೆಳಗಿನ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವರು ಹಾಗೇ ಹೋದರಂತೆ. ಲೋಟ ಕೂಡ ಉರುಳಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಮಾಡಿದ ಸಣ್ಣ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ಅಭ್ಯಾಸ. ಹಾಲು ಒಡೆಯದಿದ್ದರೆ ಅದೂ ಒಂದು, ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಅದೂ ಒಂದು. ಆ ಸಂಜೆ ಲೋಟ ಉರುಳದೇ ಇದ್ದುದಕ್ಕೆ ಮೊದಲ ಬೆರಳು ಮಡಚಿದೆ.

ನಲ್ಲಂಪಳ್ಳಿಯಲ್ಲಿ ಅವರದು ನಮ್ಮ ಎದುರು ಮನೆ. ಮುಂದಿನ ಕೋಣೆಯಲ್ಲಿ ಟಿವಿ, ರೇಡಿಯೋ ರಿಪೇರಿ. ಹಿಂದೆ ಅಡುಗೆ, ವಾಸ. ಕೋಣೆಯ ಬಾಗಿಲು ಬೀದಿಗೇ ತೆರೆದುಕೊಂಡಿದ್ದರಿಂದ ಅವರು ಸೀನಿದರೂ ನಮ್ಮತ್ತೆ ಜಗಲಿಯ ಮೇಲಿಂದಲೇ "ನೂರು ವರ್ಷ" ಅನ್ನುತ್ತಿದ್ದರು. ನಮ್ಮೆಜಮಾನರು ಸೇಲಂ ಬಸ್ಸಿನ ಕಂಡಕ್ಟರ್. ತೊಪ್ಪೂರು ಘಾಟ್ ಹತ್ತಿ ಬರುವಾಗ ಅವರ ರಿಪೇರಿಗೆ ಬೇಕಾದ ಸಣ್ಣಪುಟ್ಟ ಸಾಮಾನನ್ನು ಸೀಟಿನ ಕೆಳಗಿಟ್ಟು ತಂದುಕೊಡುತ್ತಿದ್ದರು. ಹಾಗೆ ಎರಡು ಮನೆಗೂ ಹೋಗಿಬರುವ ಬಳಕೆಯಿತ್ತು. ನಾನು ಅವರನ್ನು ಅಣ್ಣಾ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಚ್ಚಿ ಎನ್ನುತ್ತಿದ್ದರು.

ಯಾವಾಗಲೂ ಬಿಳಿ ಅಂಗಿ, ಬಿಳಿ ಪಂಚೆ. ಪೊಂಗಲಿಗೆ ಮಗಳು ಬೇರೆ ಬಣ್ಣದ್ದು ತಂದರೆ ಮಡಚಿಟ್ಟುಬಿಡುತ್ತಿದ್ದರು. ಯಾವ ಟಿವಿಯ ಬೆನ್ನನ್ನು ಬಿಚ್ಚುವ ಮೊದಲೂ ಬಾಗಿಲು ತಟ್ಟುವಂತೆ ಬೆರಳ ಗಿಣ್ಣಿನಿಂದ ಎರಡು ಸಲ ತಟ್ಟುತ್ತಿದ್ದರು. ಯಾಕೆಂದು ಕೇಳಿದರೆ, "ಒಳಗೆ ಯಾರಾನ ಇದ್ರೆ ಎದ್ದೋಗ್ಲಿ ಅಂತ" ಎನ್ನುವರು. ಒಳಗೆ ಹಲ್ಲಿ, ಜಿರಲೆ, ಒಂದು ಸಲ ಇಲಿಮರಿ ಇದ್ದದ್ದನ್ನು ನಾನೇ ಕಂಡಿದ್ದೇನೆ. ರಿಪೇರಿ ಮುಗಿದ ಮೇಲೆ ಸ್ವಿಚ್ಚನ್ನು ತಾವು ಒತ್ತುತ್ತಿರಲಿಲ್ಲ. ಆ ಮನೆಯ ಹೆಂಗಸೇ ಬಂದು ಒತ್ತಬೇಕು. "ಅವ್ರು ತಾನೆ ದಿನಾ ನೋಡೋದು" ಎನ್ನುವರು.

ಒಂದು ಪೊಂಗಲಿನ ಹಿಂದಿನ ದಿನ ಅಂಗಡಿ ಬೀದಿಗೆ ಹೊರಟಿದ್ದ ಅಣ್ಣನ ಕೈಲಿ ರಂಗೋಲಿಗೆ ಕೆಂಪು ಪುಡಿ ತರಿಸಿದೆ. ಹಸಿರು ತಂದಿಟ್ಟರು. "ಅಂಗಡಿಯವ್ನು ಕೊಟ್ಟಿದ್ದೇ ಇದು" ಎಂದು ಹೇಳಿ ಒಳಗೆ ಹೋದರು. ಆ ವರ್ಷ ನನ್ನ ರಂಗೋಲಿಯ ಕಬ್ಬಿಗೂ ಪಚ್ಚೆ, ಸೂರ್ಯನಿಗೂ ಪಚ್ಚೆ. ಅತ್ತೆ ನೋಡಿ, "ಸೂರ್ಯನ್ಗೂ ಕಾಮಾಲೆ ಬಂದೈತೆ ಬುಡು" ಎಂದು ನಕ್ಕರು. ನಾನೂ ನಕ್ಕೆ. ಅಷ್ಟಕ್ಕೇ ಮರೆತೆ.

ಅವರ ಹೆಂಡತಿ ಇರುವ ತನಕ ಕಲರ್ ಟಿವಿ ರಿಪೇರಿಗೆ ಬಂತೆಂದರೆ ಆಕೆ ಬೆಳ್ಳುಳ್ಳಿ ಬುಟ್ಟಿ ಹಿಡಿದು ಗಂಡನ ಪಕ್ಕ ಬಂದು ಕೂರುತ್ತಿದ್ದರು. ಸಿಪ್ಪೆ ಸುಲಿಯುತ್ತಾ ಟಿವಿಯಲ್ಲಿ ಬಂದ ಹೆಂಗಸರನ್ನು ಆಡಿಕೊಳ್ಳುವುದೇ ಕೆಲಸ. "ಇವ್ಳು ಬರೀ ಸೊಪ್ಪು ತಿಂದವ್ಳೆ" ಎಂದರೆ ಅವರು ಒಂದು ತಿರುಪನ್ನು ತಿರುಗಿಸುವರು. "ಇವ್ಳು ಎಲೆ ಅಡಿಕೆ ಆಕ್ಕೊಂಡವ್ಳೆ" ಎಂದರೆ ಇನ್ನೊಂದನ್ನು. "ಈಗ ಲಕ್ಷಣವಾಗವ್ಳೆ" ಎಂದರೆ ಕೈ ಒರೆಸಿಕೊಳ್ಳುವರು. ಗಂಡ ಹೆಂಡಿರ ಸರಸ ಎಂದು ಬೀದಿಯೇ ತಿಳಿದಿತ್ತು. ಅತ್ತೆ ಮಾತ್ರ, "ಬೆಳ್ಳುಳ್ಳಿ ಸುಲಿಯಾಕೆ ಅಡ್ಗೆಮನೆ ಇಲ್ವಾ ಇವ್ಳಿಗೆ" ಎನ್ನುವರು.

ಆಕೆ ತೀರಿಕೊಂಡ ಮೇಲೆ ಅವರು ಕಲರ್ ಸೆಟ್ಟುಗಳನ್ನು ಮುಟ್ಟುವುದು ಬಿಟ್ಟರು. ಅದೇ ಹೊತ್ತಿಗೆ ಊರಲ್ಲಿ ಒಬ್ಬೊಬ್ಬರೇ ಕಪ್ಪು ಬಿಳುಪನ್ನು ಮಾರಿ ಕಲರ್ ತರುತ್ತಿದ್ದರು. ಧರ್ಮಪುರಿಯಲ್ಲಿ ಹೊಸ ಅಂಗಡಿಗಳು ಬಂದಿದ್ದವು. "ಪಾವಂ, ಅವ್ರಿಗೆ ಕಲರ್ ಬರಾಕಿಲ್ಲ, ಬಿಳ್ಪು ಕಪ್ಪು ಅಷ್ಟೇ" ಎಂದು ಜನ ಆಡತೊಡಗಿದರು. ಅವರ ಕೋಣೆಯಲ್ಲಿ ಸೆಟ್ಟುಗಳು ಕಡಿಮೆಯಾಗುತ್ತಾ ಬಂದು ಕೊನೆಗೆ ಬೆಂಚಿನ ಮೇಲೆ ಬೆಕ್ಕು ಮಲಗುವಷ್ಟು ಜಾಗವಾಯಿತು. ಮಗಳಿನ್ನೂ ಸೇಲಂನಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಳು, ಮದುವೆಯಾಗಿರಲಿಲ್ಲ.

ಆಗ ಬಂದದ್ದು ಆ ಆಟದ ಪೆಟ್ಟಿಗೆಯ ಕೆಲಸ.

ಅದಿಯಮಾನ್‌ಕೋಟೆಯ ಹತ್ತಿರ ಹೈವೇ ಮೇಲೆ ಊಟದ ಹೋಟೆಲ್ ಇಟ್ಟಿದ್ದ ಒಬ್ಬರು, ಸೇಲಂನಲ್ಲಿ ಮುಚ್ಚಿಹೋದ ವೀಡಿಯೋ ಗೇಮ್ ಅಂಗಡಿಯೊಂದರಿಂದ ಒಂದು ಆಟದ ಬೋರ್ಡು, ಎರಡು ಹಿಡಿಕೆ, ಒಂದು ಹಿಡಿ ಬಟನ್ನು ತಂದುಕೊಟ್ಟರು. ಪೆಟ್ಟಿಗೆಯೂ ಇಲ್ಲ, ಪರದೆಯೂ ಇಲ್ಲ. ಅವನ್ನು ನೀವು ಮಾಡಿಕೊಡಿ, ಬಸ್ಸಿನ ಜನ ಊಟಕ್ಕೆ ಕಾಯುವಾಗ ಆಡಲಿ ಎಂದರು. ಹೋಟೆಲಿನವರದು ತಮಿಳು. ಹೋಗುವಾಗ ಬಾಗಿಲಲ್ಲಿ ನಿಂತು, "ಆನಾ ಕಲರ್ ಪಡಂ ವೇಣುಂ ಅಣ್ಣೇ. ಇದು ನಲ್ಲಾ ವಂದಾ ನಮ್ಮ ಲಾಡ್ಜ್ ಟಿವಿ ಎಲ್ಲಾಂ ಉಂಗಳುಕ್ಕುದಾನ್" ಎಂದರು. ಕಲರ್ ಚಿತ್ರವೇ ಬರಬೇಕು, ಬಂದರೆ ಲಾಡ್ಜಿನ ಟಿವಿಗಳ ಉಸ್ತುವಾರಿಯೂ ನಿಮ್ಮದೇ ಎಂದು ಅರ್ಥ. ಬರದಿದ್ದರೆ ಏನೆಂದು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಪೆಟ್ಟಿಗೆಯನ್ನು ಅವರೇ ಪ್ಲೈವುಡ್ ಕೊಯ್ದು ಮಾಡಿದರು. ನಿಂತು ಆಡುವಂಥದ್ದು, ನನ್ನ ಎದೆಯೆತ್ತರಕ್ಕೆ ಹಿಡಿಕೆ. ಅತ್ತೆ ಜಗಲಿಯಿಂದ ನೋಡಿ, "ಇದೇನ್ಲಾ, ಬೀರು ಮಾಡ್ತಿದೀಯೋ ಪಾಡೆ ಕಟ್ತಿದೀಯೋ" ಎಂದು ಕೇಳಿದರು. ಪಾಡೆ ಎಂದರೆ ಚಟ್ಟ. "ಬೀರುನೇ ಅತ್ತೆ, ಒಳಗೆ ಅಕ್ಕಿ ಇಡಾಕೆ" ಎಂದು ಅವರು ತಲೆಯೆತ್ತದೆ ಉತ್ತರ ಕೊಟ್ಟರು.

ಕಷ್ಟವಾದದ್ದು ಪರದೆಯನ್ನು ಆರಿಸುವುದು. ಮೂರು ಬಂದು ಬೆಂಚಿನ ಮೇಲೆ ಕೂತಿದ್ದವು. ಒಂದು, ಅವರದೇ ಹಳೆಯ ಕಪ್ಪು ಬಿಳುಪು ಟಿವಿ. ಎರಡನೆಯದು ಸೇಲಂನ ಯಾವುದೋ ಆಫೀಸಿನವರು ತೆಗೆದುಹಾಕಿದ ಕಂಪ್ಯೂಟರ್ ಮಾನಿಟರ್. ನಮ್ಮೆಜಮಾನರೇ ಹೊದಿಕೆ ಸುತ್ತಿ ಬಸ್ಸಿನಲ್ಲಿ ತಂದಿದ್ದರು. ಮೂರನೆಯದು ಯಾರದೋ ಮಳೆಗೆ ನೆನೆದು ಮರ ಊದಿಕೊಂಡ ಕಲರ್ ಟಿವಿ. ಒಳಗಿನ ಟ್ಯೂಬು ಚೆನ್ನಾಗಿತ್ತು. ನಾನು ಮಜ್ಜಿಗೆ ಕೊಡಲು ಹೋದಾಗ ಅವರು, "ತಂಗಚ್ಚಿ, ಒಂದ್ ನಿಮಿಷ ನಿಂತ್ಕೊ. ಸೀರೆ ಅಂಗ್ಡೀಲಿ ಪಳಗಿರೋ ಕಣ್ಣು ನಿಂದು. ಮೂರ್ರಾಗೆ ಯಾವ್ದು ಚೆನ್ನಾಗೈತೆ ಏಳು" ಎಂದರು. ಬಾಗಿಲು ತೆರೆದೇ ಇತ್ತು, ಅತ್ತೆ ಎದುರಿಗೇ ಇದ್ದರು. ನಿಂತೆ.

ಮಾನಿಟರಿಗೆ ಬೋರ್ಡು ಕೊಟ್ಟಾಗ ಚಿತ್ರ ಎರಡಾಗಿ ಒಡೆದು ಮೇಲಕ್ಕೆ ಓಡುತ್ತಿತ್ತು. ಅಕ್ಷರ ತೋರಿಸಲು ಅದಕ್ಕಿಂತ ಚೂಪಾದ ಗಾಜಿಲ್ಲ, ಆದರೆ ಚಿತ್ರದ ಗೆರೆಗಳ ಓಟ ಬೇರೆ ಎಂದರು. "ಒಂದೇ ಒರಳು, ಇಬ್ರು ಕುಟ್ತಾವ್ರೆ ಅಂದ್ಕೊ. ಒಬ್ಳು ಒನಕೆ ಎತ್ತುವಾಗ್ಲೇ ಇನ್ನೊಬ್ಳು ಎರಡ್ ಏಟು ಆಕಿಬಿಟ್ರೆ ಎಂಗೆ?" ಎಂದು ಅವರು ಕೈಯಲ್ಲೇ ಕುಟ್ಟಿ ತೋರಿಸಿದರು. ಟಿವಿಗೂ ಬೋರ್ಡಿಗೂ ಓಟ ಒಂದೇ, ಆದ್ದರಿಂದ ಟಿವಿಯೇ ಆಗಬೇಕು.

ಕಪ್ಪು ಬಿಳುಪಿನಲ್ಲಿ ಚಿತ್ರ ಕದಲದೆ ನಿಂತಿತ್ತು. ಒಂದು ಹಕ್ಕಿ, ಒಂದಷ್ಟು ಮರ. ಹಣ್ಣು ಬಿದ್ದರೆ ಹಕ್ಕಿ ತಿನ್ನಬೇಕು, ಕಾಯಿ ಬಿದ್ದರೆ ತಪ್ಪಿಸಿಕೊಳ್ಳಬೇಕು, ತಿಂದರೆ ಸಾಯುತ್ತದೆ, ಆಟ ಅಷ್ಟೇ.

"ಕಣ್ಣಿಗೆ ಇದೇ ಹಿತವಾಗೈತೆ ಅಣ್ಣಾ" ಎಂದೆ.

ಅವರ ಮುಖ ಅರಳಿತು. "ನಂಗೂ ಅದೇ. ಆದ್ರೆ ಆ ಮನುಷ್ಯ ಒಪ್ಪಾಕಿಲ್ಲ" ಎಂದು ಕಲರ್ ಟ್ಯೂಬಿನ ಕಡೆ ತಿರುಗಿದರು.

ಎರಡು ದಿನ ಅದರ ಮುಂದೆ ಕೂತರು. ಬೋರ್ಡಿನಿಂದ ಮೂರು ಸಣ್ಣ ತಂತಿಗಳನ್ನು ತಂದು ಟ್ಯೂಬಿನ ಕತ್ತಿಗೆ ಬೆಸೆಯಬೇಕಿತ್ತು. ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಮೂರನೇ ದಿನ ಮಧ್ಯಾಹ್ನ, "ತಂಗಚ್ಚಿ, ಬಂದು ಸ್ವಿಚ್ ಆಕು" ಎಂದು ಕರೆದರು. ಹಾಕಿದೆ. ಹಕ್ಕಿ ಬಂತು, ಮರ ಬಂತು, ಹಣ್ಣು ಉದುರಿತು.

"ಅಣ್ಣಾ, ಎಲೆಯೆಲ್ಲಾ ಕೆಂಪಗೈತಲ್ಲ. ಅಣ್ಣು ಪಚ್ಚೆ. ಇದ್ಯಾವೂರ್ ಮರ?"

ತಮಾಷೆಗೆ ಕೇಳಿದ್ದೆ. ಅವರು "ಪಾರಿನ್ ಮರ" ಎಂದು ನಗಲು ಹೋಗಿ ನಿಲ್ಲಿಸಿದರು. ಪರದೆಯನ್ನೇ ನೋಡಿದರು. ಬಗ್ಗಿ ಹತ್ತಿರದಿಂದ ನೋಡಿದರು. ಕೈಯಲ್ಲಿದ್ದ ಬೆಸುಗೆಯ ಕಾದ ಕಡ್ಡಿಯನ್ನು ಅದರ ಸ್ಟ್ಯಾಂಡಿಗೆ ಇಟ್ಟು, ಒಳಗೆ ಹೋಗಿ, ದೇವರ ಗೂಡಿನಿಂದ ಕುಂಕುಮದ ಭರಣಿ ತಂದು ನನ್ನ ಮುಂದೆ ಹಿಡಿದರು.

"ಇದು ಕೆಂಪು. ಅಲ್ವಾ?"

"ಕುಂಕುಮ ಅಲ್ವಾ ಅಣ್ಣಾ, ಕೆಂಪೇ."

"ಕುಂಕುಮ ಅಂತ ಗೊತ್ತು, ಅದ್ಕೇ ಕೆಂಪು ಅಂದೆ. ಇದ್ನ ವೀಳ್ಯದೆಲೆ ಮೇಲೆ ಉದುರ್ಸಿದ್ರೆ ನಂಗೆ ಕಾಣಾಕಿಲ್ಲ ತಂಗಚ್ಚಿ. ಇವತ್ತಲ್ಲ, ಉಟ್ಟಿದಾಗಿಂದ."

ಆಮೇಲೆ ಅವರು ಹೇಳಿದ್ದು ಹೆಚ್ಚಿಲ್ಲ. ಸಣ್ಣ ವಯಸ್ಸಿನಲ್ಲಿ ಒಂದು ಸರ್ಕಾರಿ ಕೆಲಸಕ್ಕೆ ಎಲ್ಲ ಪರೀಕ್ಷೆ ಪಾಸಾಗಿ, ಕೊನೆಗೆ ಕಣ್ಣಿನ ಡಾಕ್ಟರ ಮುಂದೆ ಕೂತಿದ್ದರಂತೆ. "ಚುಕ್ಕಿ ಬೊಕ್ಕೊಳಗೆ ನಂಬರ್ ಐತೆ, ಓದು ಅಂದ್ರು. ನಂಗೆ ಬರೀ ಚುಕ್ಕಿ." ಕೆಲಸ ಕೈತಪ್ಪಿತು. ಮನೆಯಲ್ಲಿ ಮಾತ್ರ ಎತ್ತರ ಸಾಲಲಿಲ್ಲ ಎಂದು ಹೇಳಿದರಂತೆ. ಮದುವೆಯಾದ ವರ್ಷವೇ ಹೆಂಡತಿ ಕಂಡುಹಿಡಿದರು. ರಿಪೇರಿಯ ಪೆಟ್ಟಿಗೆಯಲ್ಲಿದ್ದ ಅಷ್ಟು ತಂತಿಗೂ ಆಕೆಯೇ ಗಂಟು ಹಾಕಿಟ್ಟರು. ಒಂದು ಗಂಟು ಕೆಂಪು, ಎರಡು ಗಂಟು ಪಚ್ಚೆ, ಮೂರು ಗಂಟು ನೀಲಿ. ಈ ಬೋರ್ಡಿನ ತಂತಿಗೆ ಗಂಟಿರಲಿಲ್ಲ. ಅದರ ಮೇಲಿನ ಅಕ್ಷರ ಅಳಿಸಿಹೋಗಿತ್ತು. ಅಂದಾಜಿನ ಮೇಲೆ ಬೆಸೆದಿದ್ದರು. ಕೆಂಪಿನದು ಹಸಿರಿಗೆ, ಹಸಿರಿನದು ಕೆಂಪಿಗೆ ಹೋಗಿತ್ತು.

"ಮಗ್ಳಿಗೆ ಗೊತ್ತಾ?"

"ಇಲ್ಲ. ಅವ್ಳಿಗೆ ಗಂಡು ನೋಡ್ಬೇಕು. ಕಣ್ಣಿನ್ ದೋಷ ಇರೋ ಮನೆ ಅಂತ ಬೀದೀಲಿ ಮಾತು ಬಂದ್ರೆ ಯಾರ್ ಬತ್ತಾರೆ. ಈ ಪೆಟ್ಟಿಗೇನೂ ಓಯ್ತು ಅಂದ್ರೆ ನಾನು ಬೀಗ ಆಕೋದೇ. ಎಂಗೂ ನಿಂಗೆ ಗೊತ್ತಾಯ್ತು, ನೀನು ಯಾರ್ಗೂ ಏಳ್ಬೇಡ."

ಅವರ ದೇವರ ಗೂಡಿನಲ್ಲಿ ಹೆಂಡತಿ ಹಚ್ಚುತ್ತಿದ್ದ ದೀಪ ಆರಿ ಬತ್ತಿ ಒಣಗಿತ್ತು. ಅದಕ್ಕೆ ಎಣ್ಣೆ ಹಾಕಿ ಹಚ್ಚಿದೆ. ಹೇಳುವುದಿಲ್ಲ ಎಂದೆ. ನಂತರ ಬೆಂಚಿನ ಹತ್ತಿರ ಬಂದು ಮೂರೂ ತಂತಿಗೆ ಬಣ್ಣ ನೋಡಿ ಗಂಟು ಹಾಕಿಕೊಟ್ಟೆ. ಅವರು ಗಂಟನ್ನು ಬೆರಳಲ್ಲಿ ಸವರಿ, ಒಂದು, ಎರಡು ಎಂದು ಎಣಿಸಿ, ಬೆಸುಗೆ ಬಿಡಿಸಿ ಅದಲುಬದಲು ಮಾಡಿದರು. ಎಲೆ ಹಸಿರಾಯಿತು. ಎದುರು ಜಗಲಿಯಿಂದ ಅತ್ತೆ, "ಮಜ್ಜಿಗೆ ಕೊಡಾಕೋದವ್ಳು ಮೊಸರ್ ಕಡೀತಾವ್ಳಾ ಅಲ್ಲಿ" ಎಂದು ಕೂಗಿದರು.

ಹೋಟೆಲಿನವರು ನೋಡಲು ಬಂದದ್ದು ಶುಕ್ರವಾರ, ರಾಹುಕಾಲ ಕಳೆದ ಮೇಲೆ. ಹೊಸ ಪೆಟ್ಟಿಗೆಗೆ ಮುತ್ತೈದೆಯ ಕೈಲೇ ಆರತಿ ಎತ್ತಿಸಬೇಕೆಂದು ನನ್ನನ್ನು ಕರೆದಿದ್ದರು. ಪೆಟ್ಟಿಗೆಯ ಕೊರಳಿಗೆ ನಾನೇ ಕಟ್ಟಿದ ಸೇವಂತಿ ಸರ, ನಡುಮಧ್ಯೆ ಗಂಧ ಕುಂಕುಮ. ಸ್ವಿಚ್ ಹಾಕಿಯಾಗಿತ್ತು, ಚಿತ್ರ ಚೆನ್ನಾಗಿ ಬಂದಿತ್ತು, ಹೋಟೆಲಿನವರು ತಲೆದೂಗುತ್ತಿದ್ದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ನಾನು ಕರ್ಪೂರ ಹಚ್ಚಲು ಹೋದವಳು ಸುಮ್ಮನಿರದೆ, "ಅಣ್ಣಾ, ಇದು ದಕ್ಷಿಣಕ್ಕೆ ಮೊಗ ಮಾಡೈತೆ. ದಕ್ಷಿಣಕ್ಕೆ ತಿರುಗಿರೋದಕ್ಕೆ ನಾನು ಆರತಿ ಎತ್ತಾಕಿಲ್ಲ. ಪೂರ್ವಕ್ಕೆ ತಿರುಗ್ಸಿ" ಎಂದೆ. ಅತ್ತೆಯೂ ಹೌದೆಂದರು. ಇಬ್ಬರು ಗಂಡಸರೂ ಸೇರಿ, ಹೊತ್ತಿಕೊಂಡೇ ಇದ್ದ ಪೆಟ್ಟಿಗೆಯನ್ನು ಪೂರ್ವಕ್ಕೆ ತಿರುಗಿಸಿದರು.

ತಿರುಗಿಸಿದ ಮೇಲೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಬಣ್ಣ ಕೆಟ್ಟಿತು. ಬೆಳ್ಳಗಿದ್ದ ಮೋಡದ ಮೇಲೆ ಅಂಗೈ ಅಗಲ ಕೆಂಪು ಹರಡಿಕೊಂಡಿತು. ಅಣ್ಣ ಮಾತ್ರ ಏನೂ ಆಗದವರಂತೆ ಪೆಟ್ಟಿಗೆಯ ಪಕ್ಕ ಕೈಕಟ್ಟಿ ನಿಂತಿದ್ದರು. ಅವರಿಗೆ ಅದು ಕಾಣುತ್ತಿರಲಿಲ್ಲ.

ಹೋಟೆಲಿನವರಿಗೆ ಕಂಡಿತು. "ಎನ್ನಣ್ಣೇ, ಕರೈ ಮಾದಿರಿ ಇರುಕ್ಕೇ" ಎಂದರು. ಕಲೆಯ ಹಾಗೆ ಏನೋ ಇದೆ ಎಂದು. ಎಲ್ಲಿ, ಯಾವ ಬಣ್ಣ ಎಂದು ಅವರು ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲವೋ ಏನೋ. ಇವರಿಗೆ ಕಲರ್ ಬರುವುದಿಲ್ಲ ಎಂಬ ಊರಿನ ಮಾತು ಅವರ ಕಿವಿಗೂ ಬಿದ್ದಿರಬೇಕು. ಉತ್ತರಕ್ಕೆ ಕಾಯುತ್ತಾ ಅಣ್ಣನ ಮುಖವನ್ನೇ ನೋಡುತ್ತಿದ್ದರು.

ಅಣ್ಣ ಪರದೆಯ ಕಡೆ ಬಗ್ಗಿದರು. ಕಣ್ಣು ಎಡಗಡೆಗೆ ಹೋಯಿತು, ಕೆಳಗೆ ಹೋಯಿತು. ಬೆನ್ನಿನ ಮೇಲೆ ಬಿಳಿ ಅಂಗಿ ಬೆವರಿಗೆ ಅಂಟಿಕೊಂಡಿತ್ತು.

ಕೊಟ್ಟ ಮಾತು ಮುರಿಯುವ ಹಾಗಿಲ್ಲ, ಸುಳ್ಳು ಹೇಳುವ ಹಾಗಿಲ್ಲ, ಸುಮ್ಮನಿರುವ ಹಾಗಂತೂ ಇಲ್ಲ. ಭೈರವಾ, ನಾಲಿಗೆಗೆ ಒಂದು ದಾರಿ ತೋರಿಸು ಎಂದುಕೊಂಡೆ. ಬೆಳ್ಳುಳ್ಳಿ ಬುಟ್ಟಿ ಹಿಡಿದು ಕೂರುತ್ತಿದ್ದ ಆಕೆಯ ದನಿ ನೆನಪಾಯಿತು.

"ಅಣ್ಣಾ, ಆ ಬಲಗಡೆ ಮೇಲ್ಮೂಲೆ ಮೋಡ ನೋಡಿ. ಎಲೆ ಅಡಿಕೆ ಆಕ್ಕೊಂಡಂಗೈತೆ."

ಅವರು ನನ್ನ ಕಡೆ ತಿರುಗಲಿಲ್ಲ. ನೆಟ್ಟಗೆ ನಿಂತು, ಬಲಗಡೆಯ ಮೇಲಿನ ಮೂಲೆಗೆ ಸರಿಯಾಗಿ ಬೆರಳಿಟ್ಟು, ಹೋಟೆಲಿನವರಿಗೆ ತಮಿಳಿನಲ್ಲೇ ಹೇಳಿದರು. "ಸಿವಪ್ಪುಕ್ ಕರೈ. ಪೆಟ್ಟಿಯೆ ತಿರುಪ್ಪಿನೋಮೇ, ಅದಾನ್. ಭೂಮಿಯೇ ಒರು ಕಾಂದಂ." ಕೆಂಪು ಕಲೆ, ಪೆಟ್ಟಿಗೆ ತಿರುಗಿಸಿದ್ದರಿಂದ ಬಂದದ್ದು, ಭೂಮಿಯೇ ಒಂದು ಸೂಜಿಗಲ್ಲು, ಕಲರ್ ಟ್ಯೂಬಿನ ದಿಕ್ಕು ಬದಲಾದರೆ ಅದರ ಎಳೆತವೂ ಬದಲಾಗುತ್ತದೆ. ಗೋಡೆಗೆ ನೇತುಹಾಕಿದ್ದ ತಾಮ್ರದ ತಂತಿ ಸುತ್ತಿದ ದೊಡ್ಡ ಬಳೆಯೊಂದನ್ನು ತೆಗೆದು, ಕರೆಂಟು ಕೊಟ್ಟು, ದೃಷ್ಟಿ ತೆಗೆಯುವ ಹಾಗೆ ಪರದೆಯ ಮುಂದೆ ಸುತ್ತಿಸುತ್ತಾ ನಿಧಾನವಾಗಿ ಹಿಂದಕ್ಕೆ ನಡೆದರು. ಬಣ್ಣಗಳೆಲ್ಲ ಒಮ್ಮೆ ಕಲಸಿಹೋಗಿ ತಿಳಿಯಾದವು.

ಕಲೆ ಹೋಯಿತೇ ಎಂದು ಅವರು ಯಾರನ್ನೂ ಕೇಳಲಿಲ್ಲ. ನಾನೇ ಆರತಿ ಎತ್ತುತ್ತಾ, "ಈಗ ಲಕ್ಷಣವಾಗೈತೆ" ಎಂದೆ.

ಹೋಟೆಲಿನವರು ಆ ಬಳೆಯನ್ನೇ ನೋಡುತ್ತಾ, "ಧರ್ಮಪುರಿಲೆ ಇದೆಲ್ಲಾಂ ಯಾರುಕ್ಕುಂ ತೆರಿಯಾದು ಅಣ್ಣೇ" ಎಂದರು. ಧರ್ಮಪುರಿಯಲ್ಲಿ ಇದು ಯಾರಿಗೂ ಗೊತ್ತಿಲ್ಲ ಎಂದು. ಆ ವಾರದಲ್ಲೇ ಲಾಡ್ಜಿನ ಮೊದಲ ಟಿವಿ ಬಂತು. ಅತ್ತೆ ಮಾತ್ರ ನನ್ನನ್ನು ಬಿಡಲಿಲ್ಲ. "ಮೋಡ ಎಂಗ್ಲೇ ಎಲೆ ಅಡಿಕೆ ಆಕ್ಕೊಂತೈತೆ? ಅವ್ರ ಮುಂದೆ ಏನ್ ಮಾತು ಅದು?" ಎಂದು ಸಂಜೆಯವರೆಗೂ ಕೇಳಿದರು. ನಾನು ಬೆಳ್ಳುಳ್ಳಿ ಬುಟ್ಟಿ ಹುಡುಕುತ್ತಿದ್ದೆ.

ಆಮೇಲೆ ವಾರಕ್ಕೆರಡು ಮಧ್ಯಾಹ್ನ ಆ ಬುಟ್ಟಿಯೊಂದಿಗೆ ಎದುರು ಮನೆಯ ಹೊಸಿಲ ಹತ್ತಿರ ಕೂರುವುದು ನನ್ನ ಪಾಲಿಗೆ ಬಂತು. ಅತ್ತೆಯೂ ಜೊತೆಗೆ ಬಂದು ಕೂತು, ಏನೂ ತಿಳಿಯದೆಯೇ, "ಈ ಮುದುಕಂಗೆ ಕಾಮಾಲೆ" "ಆ ಉಡುಗಿಗೆ ಜ್ವರ" ಎಂದು ನನಗಿಂತ ಚೆನ್ನಾಗಿ ಬಣ್ಣ ಹೇಳುತ್ತಿದ್ದರು. ಅಣ್ಣ ನಗುತ್ತಾ ತಿರುಪು ತಿರುಗಿಸುವರು. ನನಗೆ ಅವರು ಎಂದೂ ಉಪಕಾರವಾಯಿತು ಎಂದವರಲ್ಲ. ನಮ್ಮ ಮನೆಯ ರೇಡಿಯೋ ಮಾತ್ರ ಒಂದು ದಿನವೂ ಕೆಟ್ಟು ನಿಲ್ಲಲಿಲ್ಲ. ಮಗಳ ಮದುವೆಯ ಸೀರೆ ಆರಿಸಲು ನನ್ನನ್ನೇ ಕರೆದೊಯ್ದರು. ಅಂಗಡಿಯವನು ಮಡಿಕೆ ಬಿಚ್ಚಿದ ಹಾಗೆಲ್ಲ ನಾನು ಗಟ್ಟಿಯಾಗಿ, "ಮಾವಿನ ತಳಿರು" "ದಾಳಿಂಬೆ" ಎನ್ನುತ್ತಿದ್ದೆ. ಅವರು ಜರಿಯನ್ನು ಬೆರಳಲ್ಲಿ ಸವರುತ್ತಾ, ಕಂಡವರಂತೆ ತಲೆಯಾಡಿಸುತ್ತಿದ್ದರು. ಮದುವೆಯಾಗಿ ಒಂದೆರಡು ವರ್ಷಕ್ಕೆ ಅಂಗಡಿ ಮುಚ್ಚಿ ಮಗಳ ಮನೆಗೆ ಹೋದರು. ಹೋಗುವ ದಿನ ನಮ್ಮ ಬಾಗಿಲನ್ನು ಗಿಣ್ಣಿನಿಂದ ಎರಡು ಸಲ ತಟ್ಟಿ, "ಬತ್ತೀನಿ ತಂಗಚ್ಚಿ" ಎಂದರು. ಅಷ್ಟೇ.

ಸುದ್ದಿ ಹೇಳಲು ಬಂದ ಮಗಳು ಹೊರಡುವ ಮುಂಚೆ ಹೊಸಿಲ ಮೇಲೆ ನಿಂತಳು.

"ಅತ್ತೇ, ಒಂದ್ ಕೇಳ್ಲಾ? ಕಡೇಲಿ ಅಪ್ಪಂಗೆ ಕಣ್ಣು ಓಗಿತ್ತಾ?"

"ಯಾಕಮ್ಮಾ?"

"ಓಗೋದಕ್ಕೆ ಎಂಟು ದಿನ ಮುಂಚೆ ನನ್ನ ಕೂರ್ಸ್ಕೊಂಡು, 'ನೀನು ಉಟ್ಟಿರೋ ಸೀರೆ ಯಾವ್ ಬಣ್ಣ' ಅಂದ್ರು. ಪಚ್ಚೆ ಅಂದೆ. 'ಪಚ್ಚೆ ಅಂದ್ರೆ ಎಂಥಾ ಪಚ್ಚೆ' ಅಂದ್ರು. ಬಾಳೆ ಸುಳಿ ಪಚ್ಚೆ ಅಪ್ಪಾ ಅಂದೆ. ಆಮೇಲೆ ದಿನಾ ಬೆಳಿಗ್ಗೆ ಅದೇ ಕೇಳೋರು. ಇಷ್ಟು ವರ್ಷ ನನ್ ಸೀರೆ ಬಗ್ಗೆ ಒಂದ್ ಮಾತು ಆಡಿದವ್ರಲ್ಲ."

"ಕೇಳಿ ಏನಂತಿದ್ರು?"

"ಏನೂ ಇಲ್ಲ. ಚೆನ್ನಾಗಿರ್ಬೇಕು ಬುಡು ಅಂತಿದ್ರು."

"ಕಣ್ಣು ಓಗಿರ್ಲಿಲ್ಲ ಕಣಮ್ಮಾ" ಎಂದೆ. ಅದು ನಿಜ. ಮುಂದಿನದನ್ನು ನಾನು ಹೇಳಲಿಲ್ಲ. ಗುಟ್ಟನ್ನು ಮಗಳಿಗೆ ಹೇಳುವ ಮೊದಲ ಹೆಜ್ಜೆಯನ್ನು ಅವರೇ ಇಟ್ಟಿದ್ದರು. ಉಳಿದದ್ದನ್ನು ಹೇಳುವುದೂ ಬಿಡುವುದೂ ಅವರಿಗೆ ಸೇರಿದ್ದು, ನನಗಲ್ಲ.

ಅವಳು ಹೋದ ಮೇಲೆ ದೀಪ ಹಚ್ಚಿದೆ. ಲೋಟ ಉರುಳಲಿಲ್ಲ, ಒಂದು. ಮುಚ್ಚಿಟ್ಟುಕೊಂಡು ಬದುಕಿದವರು ಹೋಗುವ ಮುಂಚೆ ಮಗಳನ್ನೇ ಬಾಯಿಬಿಟ್ಟು ಕೇಳಿದರು, ಎರಡು. ಅವಳು ಬೇಸರಪಡದೆ ದಿನಾ ಹೇಳಿದಳು.

ಮೂರನೆಯ ಬೆರಳು ಮಡಚಿದೆ.